ಅವ್ವನ ಟ್ರಂಕಿನ ಸೀರೆಗಳಿಗೆ ನಾನು ಕುಪ್ಪಸ ಹೊಂದಿಸಿದ್ದು

ಅವ್ವನ ಟ್ರಂಕು ನನ್ನ ಪಾಲಿಗೆ ಬಂದಾಗ ಅದರಲ್ಲಿ ಹನ್ನೊಂದು ಇಳಕಲ್ ಸೀರೆಗಳಿದ್ದವು. ಒಂದಕ್ಕೂ ನನ್ನ ಅಳತೆಯ ಕುಪ್ಪಸ ಇರಲಿಲ್ಲ. ಧಾರವಾಡದ ಹೈಸ್ಕೂಲೊಂದರಲ್ಲಿ ಪಾಠ ಮಾಡುವ ನನಗೆ ದಿನಾ ಸೀರೆ ಬೇಕು. ಇವನ್ನೇ ಉಡುತ್ತೇನೆ ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಮೊದಲು ಕೈಗೆತ್ತಿಕೊಂಡದ್ದು ಕಡು ಹಸಿರು ಒಡಲಿನ, ಮರೂನ್ ದಡಿಯ (ಅಂಚಿನ) ಸೀರೆ. ಅದನ್ನು ಮ್ಯಾಚಿಂಗ್ ಸೆಂಟರಿಗೆ ಒಯ್ದು, ಟೂ ಬೈ ಟೂ ರೂಬಿಯಾ ಎಂಬ ಕುಪ್ಪಸದ ಬಟ್ಟೆಯ ಹಸಿರುಗಳನ್ನೆಲ್ಲ ಒಂದೊಂದಾಗಿ ಸೀರೆಯ ಮೇಲಿಟ್ಟು ನೋಡಿದೆ. ಹತ್ತಿರ ಹತ್ತಿರ ಅರ್ಧ ತಾಸು ಹಿಡಿಯಿತು. ಕೊನೆಗೆ ಒಂದು ಹಸಿರು ಸರಿಯಾಗಿ ಕೂಡಿತು ಅನ್ನಿಸಿತು. ಹೊಲಿಸಿ ಉಟ್ಟುಕೊಂಡು ಹೋದ ದಿನ, ಪ್ರಾರ್ಥನೆಗೆ ಮೈದಾನದಲ್ಲಿ ನಿಂತಾಗ ನೋಡಿಕೊಳ್ಳುತ್ತೇನೆ, ಕುಪ್ಪಸ ನೀಲಿಗೆ ತಿರುಗಿದೆ, ಅದರ ಪಕ್ಕ ಅವ್ವನ ಸೀರೆ ಹತ್ತು ಸಲ ಒಗೆದಂತೆ ಮಾಸಿ ಕಾಣುತ್ತಿದೆ. ಸೀರೆಯದೇನೂ ತಪ್ಪಿರಲಿಲ್ಲ. ಅಂಗಡಿಯ ದೀಪದಲ್ಲಿ ಒಂದೇ ಆಗಿ ಕಂಡ ಎರಡು ಹಸಿರು ಬಿಸಿಲಿಗೆ ಬಂದ ಕೂಡಲೇ ಬೇರೆ ಬೇರೆಯಾಗಿದ್ದವು. ಎರಡು ಬಣ್ಣಗಳ ನಡುವೆ ಚೂರೇ ಚೂರು ಅಂತರ ಇದ್ದಾಗ ಕಣ್ಣು ಮತ್ತೆ ಮತ್ತೆ ಆ ಚೂರಿಗೇ ಹೋಗುತ್ತದೆ.

ಸಂಜೆ ನಮ್ಮ ಕಾಕು (ಚಿಕ್ಕಮ್ಮ) ನೋಡಿ ಅಂದದ್ದು ಇಷ್ಟು: “ಹಸರಿಗೆ ಹಸರು ಯಾಕ ಹುಡುಕ್ತೀಯವಾ? ದಡಿ ನೋಡು. ಅದೇನ ಬೇಡ್ತದ ಅದನ್ನ ಕೊಡು.”

ಆ ಮಾತು ತಲೆಯಲ್ಲಿ ಕೂತಿತು. ಸೀರೆ ಉಟ್ಟು ಕನ್ನಡಿ ಮುಂದೆ ನಿಂತು ನೋಡಿದೆ. ತೋಳಿನ ಅಂಚಿಗೆ ಒತ್ತಿಕೊಂಡು ಬರುವುದು ದಡಿ, ಬೆನ್ನಿನ ಮೇಲೆ ಇಳಿಬೀಳುವುದು ಸೆರಗು. ಇಳಕಲ್ಲಿನ ಟೋಪ ತೆನಿ ಸೆರಗು ಎಂದರೆ ಕೆಂಪಿನ ಮೇಲೆ ಬಿಳಿ. ಒಡಲನ್ನೂ ಸೆರಗನ್ನೂ ಬೇರೆ ಬೇರೆ ನೂಲಿನಲ್ಲಿ ಹೂಡಿ ಕೊಂಡಿ ಹಾಕಿ ಕೂಡಿಸುವುದರಿಂದ ಒಡಲು ಯಾವ ಬಣ್ಣದ್ದಾದರೂ ಸೆರಗು ಕೆಂಪಾಗಿಯೇ ಇರಬಲ್ಲದು. ಹಾಗಾಗಿ ಕುಪ್ಪಸಕ್ಕೆ ನಿಜವಾದ ನೆರೆಮನೆ ದಡಿ ಮತ್ತು ಸೆರಗು. ನಾನು ಒಡಲಿಗೆ ಮಾತ್ರ ಹೊಂದಿಸುತ್ತ ಕೂತಿದ್ದೆ.

ಅಲ್ಲಿಂದ ಉಡಿ ತುಂಬಿದಾಗ ಬಂದ ಖಣಗಳ, ಅಂದರೆ ಕುಪ್ಪಸದ ಬಟ್ಟೆಗಳ, ಗಂಟು ಬಿಚ್ಚಿದೆ. ಗುಳೇದಗುಡ್ಡದ ಖಣ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ. ಹಲವು ಖಣಗಳಲ್ಲಿ ಹಾಸು, ಅಂದರೆ ಉದ್ದಕ್ಕೆ ಓಡುವ ನೂಲು, ಒಂದು ಬಣ್ಣದ್ದು. ಹೊಕ್ಕು, ಅಂದರೆ ಅಡ್ಡಕ್ಕೆ ನೇಯುವ ನೂಲು, ಇನ್ನೊಂದು ಬಣ್ಣದ್ದು. ಮಡಿಕೆ ತಿರುಗಿಸಿದಂತೆ ಒಂದು ಹೊಳೆದು ಇನ್ನೊಂದು ಹಿಂದೆ ಸರಿಯುತ್ತದೆ. ಎರಡರಲ್ಲಿ ಒಂದು ನೂಲು ದಡಿಯ ಬಣ್ಣದ್ದೋ ಅದರ ಹತ್ತಿರದ್ದೋ ಇದ್ದರೆ ಸಾಕು, ಇನ್ನೊಂದು ಏನಿದ್ದರೂ ನಡೆಯುತ್ತದೆ. ಹಸಿರು ಸೀರೆಗೆ ನೇರಳೆ-ಮರೂನ್ ಖಣ ಹಾಕಿ ಉಟ್ಟ ದಿನ ಸ್ಟಾಫ್ ರೂಮಿನಲ್ಲಿ ಮೂವರು “ಹೊಸಾದೇನ್ರಿ?” ಎಂದು ಕೇಳಿದರು. ನನಗೆ ಅವ್ವ ನೆನಪಾದಳು.

ಆಮೇಲೆ ಒಂದೊಂದೇ ಕಲಿತೆ. ಬಣ್ಣದ ಹೆಸರಿಗಿಂತ ಮೊದಲು ಅದು ಗಾಢವೋ ತಿಳಿಯೋ ನೋಡಬೇಕು. ಇದು ಎಲ್ಲಕ್ಕಿಂತ ದೊಡ್ಡ ಪಾಠ. ಸೀರೆ ಮತ್ತು ಖಣ ಎರಡನ್ನೂ ಹಾಸಿಗೆಯ ಮೇಲೆ ಹಾಸಿ ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯುತ್ತೇನೆ. ಕುಪ್ಪಸ ಒಡಲಿಗಿಂತ ಸ್ಪಷ್ಟವಾಗಿ ತಿಳಿಯಾಗಿ ಕಂಡರೆ ಒಳ್ಳೆಯದು, ದಡಿಯಷ್ಟೇ ಗಾಢವಾಗಿ ಕಂಡರೂ ಒಳ್ಳೆಯದು. ಒಡಲಿನ ಜೊತೆ ಕಲಸಿಹೋಗಿ ಒಂದೇ ಬೂದಿಯಾದರೆ ಅದನ್ನು ಬಿಡುತ್ತೇನೆ. ಸಾಸಿವೆ ಬಣ್ಣ ಮತ್ತು ತಿಳಿ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಹೆಸರಿನಲ್ಲಿ ಎಷ್ಟು ದೂರ! ಫೋಟೊದಲ್ಲಿ ನನ್ನವೆರಡೂ ಒಂದೇ ಆಗಿ ನಿಂತವು, ಉಟ್ಟಾಗಲೂ ಸಪ್ಪೆಯಾಗಿಯೇ ಇದ್ದವು.

ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಸೀರೆ ಐದೂವರೆ ಮೀಟರ್, ಕುಪ್ಪಸದ ಬಟ್ಟೆ ಒಂದು ಮೀಟರಿಗಿಂತ ಕಡಿಮೆ. ಅಷ್ಟು ಚಿಕ್ಕ ಜಾಗಕ್ಕೆ ಧೈರ್ಯದ ಬಣ್ಣ ಹಾಕಬಹುದು, ಅರಿಶಿನವನ್ನೂ ಹಾಕಬಹುದು. ಅದೇ ಅರಿಶಿನ ಮೈತುಂಬ ಇದ್ದರೆ ಜೊತೆಗೆ ಶಾಂತವಾದದ್ದು ಬೇಕು.

ಚಂದ್ರಕಾಳಿ ಸೀರೆ ನನ್ನನ್ನು ಬಹಳ ಕಾಡಿತು. ಮೈಯೆಲ್ಲ ಕಪ್ಪು, ಅದರ ಮೇಲೆ ಕಸೂತಿ. ಗಂಭೀರವಾಗಿರಲಿ ಎಂದು ಕಡುನೀಲಿ ಕುಪ್ಪಸ ಹಾಕಿದೆ, ಕಪ್ಪಿನ ಕಸುವೇ ಹೋಯಿತು. ನಮ್ಮ ಡ್ರಾಯಿಂಗ್ ಸರ್ ಇದಕ್ಕೊಂದು ಹಳೆಯ ಕತೆ ಹೇಳಿದರು. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರೆಲ್ ಬಳಿಗೆ, ಕಪ್ಪು ನೂಲಿಗೆ ಕಸುವಿಲ್ಲ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಕಪ್ಪು ಬಣ್ಣದಲ್ಲಿ ಕೊರತೆಯಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳಿಂದಾಗಿ ಅದು ಪೇಲವವಾಗಿ ಕಾಣುತ್ತಿತ್ತು. ನೆರೆಯ ಬಣ್ಣ ಹೇಗೆ ಒಂದು ಬಣ್ಣವನ್ನು ಬದಲಿಸುತ್ತದೆ ಎಂದು ಅವನು 1839ರಲ್ಲಿ ಪುಸ್ತಕವನ್ನೇ ಬರೆದ. ನನ್ನ ಕುಪ್ಪಸದಲ್ಲಿ ಆದದ್ದೂ ಅದೇ. ಈಗ ಚಂದ್ರಕಾಳಿಗೆ ಕಸೂತಿಯಲ್ಲಿ ಅತಿ ಕಡಿಮೆ ಇರುವ ಎಳೆಯನ್ನು ಹುಡುಕಿ ಆ ಬಣ್ಣ ಹಾಕುತ್ತೇನೆ. ನನ್ನ ಸೀರೆಯಲ್ಲಿ ಅದು ಹಳದಿ. ಕಸೂತಿಯ ಗೋಪುರದ ತುದಿಯಲ್ಲಿ ನಾಲ್ಕೈದು ಹೊಲಿಗೆಯಷ್ಟೇ ಇದ್ದ ಆ ಹಳದಿ ಈಗ ದೂರದಿಂದಲೂ ಕಾಣುತ್ತದೆ.

ಬಿಳಿಯಲ್ಲಿ ಎಚ್ಚರ ಬೇಕು. ಹಾಲು ಬಿಳಿಯ ಪಕ್ಕ ಕೆನೆ ಬಣ್ಣ ಕೊಳೆಯಂತೆ ಕಾಣುತ್ತದೆ. ಇನ್ನು ಬಟ್ಟೆ ಆರಿಸುವಾಗ ಅಂಗಡಿಯ ಬಾಗಿಲ ಹೊರಗೆ ತಂದು ನೋಡದೆ ದುಡ್ಡು ಕೊಡುವುದಿಲ್ಲ.

ಒಂದು ಮಾತು ಹೇಳಲೇಬೇಕು. “ನಿನ್ನ ಬಣ್ಣಕ್ಕೆ ಹಳದಿ ಒಪ್ಪೂದಿಲ್ಲ” ಎಂದು ಚಿಕ್ಕಂದಿನಿಂದ ಕೇಳಿ ಕೇಳಿ ನಲವತ್ತರವರೆಗೆ ನಾನು ಹಳದಿ ಮುಟ್ಟಿರಲಿಲ್ಲ. ಕಪ್ಪು ಮೈಗೆ ಗಾಢ ಅರಿಶಿನ, ಕುಂಕುಮ, ಗಿಳಿಹಸಿರು ಎಷ್ಟು ಚೆಂದ ಕೂಡುತ್ತವೆ ಎಂಬುದನ್ನು ಕನ್ನಡಿಯೇ ನನಗೆ ತೋರಿಸಬೇಕಾಯಿತು. ನನ್ನ ಕ್ಲಾಸಿನ ಹುಡುಗಿಯರಿಗೆ ಯಾರಾದರೂ ಹಾಗೆ ಹೇಳಿದ್ದು ಕಿವಿಗೆ ಬಿದ್ದರೆ ಸುಮ್ಮನಿರುವುದಿಲ್ಲ.

ಬರುವ ವಾರ ತಂಗಿಯ ಮಗಳ ಕುಬಸ (ಸೀಮಂತ). ಹಸಿರು ಸೀರೆ, ಹಸಿರು ಬಳೆ, ಕುಪ್ಪಸವೂ ಹಸಿರೇ ಆಗಬೇಕೆಂದು ಮನೆಯವರ ಆಸೆ. ಅವ್ವನ ಆ ಮೊದಲ ಸೀರೆಯನ್ನೇ ಅವಳಿಗೆ ಕೊಡುತ್ತಿದ್ದೇನೆ. ಹಸಿರಿಗೆ ಹಸಿರನ್ನೇ ಹಾಕಬೇಕಾದ್ದರಿಂದ ಈ ಸಲ ಒಡಲಿನ ಹಸಿರನ್ನು ಹೊಂದಿಸಲು ಹೋಗಲಿಲ್ಲ. ಹಾಸು ಗಿಳಿಹಸಿರು, ಹೊಕ್ಕು ಅರಿಶಿನ ಇರುವ ಖಣ ತಂದೆ. ಒಡಲಿಗಿಂತ ಎದ್ದು ಕಾಣುವಷ್ಟು ತಿಳಿ, ಆದರೂ ಹಸಿರೇ. ಬಾಗಿಲಲ್ಲಿ ನಿಂತು ಬಿಸಿಲಿಗೆ ಹಿಡಿದು ನೋಡಿದೆ, ಫೋಟೊನೂ ತೆಗೆದೆ. ಟೇಲರ್ ಕೇಳಿದರು, “ಪೈಪಿಂಗ್ ಯಾವ್ದು ಹಾಕ್ಲಿ ಅಕ್ಕೋರೆ?” ಸೀರೆಯ ಮಡಿಕೆ ಬಿಚ್ಚಿ ದಡಿಯನ್ನು ಅವರ ಮಿಷನ್ನಿನ ಮೇಲೆ ಇಟ್ಟೆ.