ಗಾಳಿ ಸ್ವಲ್ಪ ಇಳಿಸಿ: ಚಳಿಗಾಲದಲ್ಲಿ ಕೆಲಸಕ್ಕೆ ಸೈಕಲ್ ತುಳಿಯುವವರಿಗೆ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದು ಕಾಫಿ ಕುಯ್ಲು ಜೋರಾಗುವ ಹೊತ್ತಿಗೆ ಮಡಿಕೇರಿಯಲ್ಲಿ ಒಂದಷ್ಟು ಸೈಕಲ್‌ಗಳು ಶೆಡ್ಡಿನಿಂದ ಹೊರಬರುತ್ತವೆ. ಮಳೆ ಹೋಯಿತು, ಬಿಸಿಲು ಹಿತವಾಗಿದೆ, ಇನ್ನು ಕಚೇರಿಗೆ ಸೈಕಲ್ಲೇ ಅನ್ನುವ ಹುಮ್ಮಸ್ಸು. ಎರಡು ವಾರ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಮತ್ತೆ ಶೆಡ್ಡು ಸೇರಿರುತ್ತವೆ. ಕೇಳಿದರೆ ‘ಕೈ ಜುಮ್ಮೆನ್ನುತ್ತೆ’, ‘ಸೊಂಟ ಹಿಡೀತು’, ‘ತಿರುವಲ್ಲಿ ಜಾರಿಬಿಡ್ತು’. ಏರಿನ ಬಗ್ಗೆ ಯಾರೂ ದೂರುವುದಿಲ್ಲ, ಅದು ಗೊತ್ತಿದ್ದೇ ಹೊರಟಿರುತ್ತಾರೆ. ಮೇಕೇರಿ ಕಡೆಯಿಂದ ಮಡಿಕೇರಿಗೆ ಆರು ಚಳಿಗಾಲ ತುಳಿದು ನಾನು ಕಂಡುಕೊಂಡದ್ದು ಇಷ್ಟು: ಈ ಮೂರು ದೂರುಗಳಲ್ಲಿ ಹೆಚ್ಚಿನವು ಟೈರಿಗೆ ಕಲ್ಲಿನಂತೆ ಗಾಳಿ ಹೊಡೆಸಿಕೊಂಡವರದ್ದು.

ಮೊದಲು ರಿಮ್ಮು

ನಿಮ್ಮದು ಡಿಸ್ಕ್ ಬ್ರೇಕ್ ಸೈಕಲ್ ಆಗಿದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಬ್ರೇಕಿನ ರಬ್ಬರು ರಿಮ್ಮನ್ನೇ ಹಿಡಿಯುವ ಸೈಕಲ್ಲಾದರೆ ರಿಮ್ಮಿಗೊಂದು ಆಯಸ್ಕಾಂತ ತಾಗಿಸಿ ನೋಡಿ. ಅಂಟಿಕೊಂಡರೆ ಅದು ಉಕ್ಕು. ಉಕ್ಕಿನ ರಿಮ್ಮು ಒಣಗಿದ್ದಾಗ ಚೆನ್ನಾಗಿಯೇ ನಿಲ್ಲಿಸುತ್ತದೆ, ಒದ್ದೆಯಾದರೆ ಮಾತ್ರ ಬ್ರೇಕ್ ಹಿಡಿದೂ ಹಿಡಿಯದಂತೆ. ಡಿಸೆಂಬರಿನಲ್ಲಿ ಮಳೆ ಇಲ್ಲದಿದ್ದರೂ ಬೆಳಗ್ಗೆ ಏಳು ಗಂಟೆಗೆ ಮಂಜಿನೊಳಗೆ ನೂರು ಮೀಟರ್ ಹೋದರೆ ಸಾಕು, ರಿಮ್ಮು ತೊಯ್ದಿರುತ್ತದೆ. ಇಳಿಜಾರಿನ ಊರಿನಲ್ಲಿ ಅಲ್ಯುಮಿನಿಯಂ ರಿಮ್ಮೇ ಸರಿ. ಅದಕ್ಕೆ ದುಡ್ಡಿಲ್ಲವೆಂದರೆ ಬಣ್ಣ, ಬೆಲ್ಲು, ಸ್ಟಿಕರ್ ಎಲ್ಲ ಆಮೇಲೆ. ನನ್ನ ಪರಿಚಯದ ಒಬ್ಬರು ತುಕ್ಕು ಹಿಡಿಯದಿರಲಿ ಎಂದು ರಿಮ್ಮಿಗೆ ಚೈನ್ ಎಣ್ಣೆ ಸವರಿ ಫಳಫಳ ಹೊಳೆಸಿಕೊಂಡು ಬಂದಿದ್ದರು. ಅವತ್ತು ಅವರನ್ನು ನಿಲ್ಲಿಸಿದ್ದು ಬ್ರೇಕಲ್ಲ, ಕಾಫಿ ತೋಟದ ಬೇಲಿ.

ಕಡ್ಡಿಗಳನ್ನು ಎರಡೆರಡು ಸೇರಿಸಿ ಹಿಸುಕಿ ನೋಡಿ. ಸಡಿಲವಿದ್ದರೆ ಅಂಗಡಿಯಲ್ಲಿ ಬಿಗಿಮಾಡಿಸಿ ಬೆಂಡ್ ತೆಗೆಸಿ.

ಟೈರು ಕೊಳ್ಳುವಾಗ

‘26 ಇಂಚಿನ ಟೈರು ಕೊಡಿ’ ಎಂದು ಕೇಳಬೇಡಿ. ಹಾಗೆ ಕೇಳಿ ತಂದ ಟೈರೊಂದು ಇವತ್ತಿಗೂ ನಮ್ಮ ಮನೆಯ ಕರಿಮೆಣಸಿನ ಬಳ್ಳಿಯ ಬುಡದಲ್ಲಿ ಬಿದ್ದಿದೆ. 26 ಇಂಚು ಅನ್ನುವುದರಲ್ಲೇ ಕನಿಷ್ಠ ಎರಡು ಜಾತಿ ಇವೆ. ಹಳೆ ಟೈರಿನ ಪಕ್ಕದಲ್ಲಿ ಚಿಕ್ಕದಾಗಿ 50-559, 37-590 ಎಂಬಂಥ ಸಂಖ್ಯೆ ಇರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಎಂಟಿಬಿ ಅಂದರೆ ಮೌಂಟೇನ್ ಬೈಕಿನ 26 ಇಂಚು 559. ಹ್ಯಾಂಡಲಿಗೆ ಬುಟ್ಟಿ ಕಟ್ಟಿದ ಲೇಡೀಸ್ ಸೈಕಲ್‌ಗಳಲ್ಲಿ ಕಾಣುವ 26 × 1 3/8 ಅಂದರೆ 590. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಹಾಲಿನ ಕ್ಯಾನು ಹೊರುವ 28 × 1 1/2 ಸೈಕಲ್ಲಿನದ್ದು 635. ರಸ್ತೆಗೂ ಕಚ್ಚಾ ದಾರಿಗೂ ಆಗುವ ಹೈಬ್ರಿಡ್‌ಗಳಲ್ಲಿ 700 ಎಂದು ಬರೆದಿರುವುದು 622. ಎರಡನೆಯ ಸಂಖ್ಯೆ ಬದಲಾಗಕೂಡದು, ಮೊದಲನೆಯದನ್ನು ಮಾತ್ರ ಹೆಚ್ಚಿಸಬಹುದು.

ಎಷ್ಟು ಅಗಲ? 40 ಮಿ.ಮೀ. ಆಸುಪಾಸು. 28 ಮಿ.ಮೀ. ಅಗಲದ ತೆಳ್ಳನೆ ಟೈರು ನಮ್ಮ ರಸ್ತೆಗಲ್ಲ. ಫೋರ್ಕಿಗೂ ಮಡ್‌ಗಾರ್ಡಿಗೂ ತಾಗದೆ ಕೂರುವ ಅತಿ ಅಗಲದ ಟೈರು ಹಾಕಿ, ಸುತ್ತಲೂ ಕಿರುಬೆರಳು ತೂರುವಷ್ಟು ಜಾಗ ಬಿಡಿ. ಡಾಂಬರು ರಸ್ತೆಗೆ ರಬ್ಬರಿನ ದೊಡ್ಡ ಗುಬ್ಬಿಗಳು ಎದ್ದು ನಿಂತ ಟೈರು ಬೇಡ. ಒದ್ದೆ ಡಾಂಬರನ್ನು ಹಿಡಿಯುವುದು ರಬ್ಬರು, ಗುಬ್ಬಿಯಲ್ಲ. ತೋಟದ ಕೆಸರು ದಾರಿಯಲ್ಲಿ ಮಾತ್ರ ಗುಬ್ಬಿಗೆ ಕೆಲಸ. ಮರದ ನೆರಳಿನ ತಿರುವುಗಳಲ್ಲಿ ಮಳೆಗಾಲದ ಪಾಚಿ ಇನ್ನೂ ಉಳಿದಿರುತ್ತದೆ, ಅದರ ಮೇಲೆ ಯಾವ ಟೈರೂ ನಿಲ್ಲದು. ನಿಧಾನವಾಗಿ, ವಾಲದೆ ದಾಟಿ.

ಗಾಳಿಯೇ ಬೇಡದ ಗಟ್ಟಿ ರಬ್ಬರಿನ ಟೈರು ಬಂದಿದೆಯಲ್ಲ ಎಂದು ಕೇಳುತ್ತಾರೆ. ಒಂದು ತಿಂಗಳು ಓಡಿಸಿದ್ದೇನೆ. ಪಂಚರ್ ಆಗಲಿಲ್ಲ ನಿಜ, ಎತ್ತಿನಗಾಡಿಯ ಚಕ್ರವೂ ಪಂಚರ್ ಆಗುವುದಿಲ್ಲ.

ಇನ್ನು ಗಾಳಿ

ಪಂಚರ್ ಅಂಗಡಿಯವರು ಹೆಬ್ಬೆರಳಿನಿಂದ ಒತ್ತಿ, ‘ಇನ್ನೊಂದ್ನಾಲ್ಕು ಹೊಡೀಲಾ ಸಾರ್?’ ಅನ್ನುತ್ತಾರೆ. ನಾವೂ ತಲೆಯಾಡಿಸುತ್ತೇವೆ. ಗಟ್ಟಿಯಿದ್ದಷ್ಟೂ ಹಗುರ ಎಂಬ ನಂಬಿಕೆ. ಕನ್ನಡಿಯಂಥ ರಸ್ತೆಯಲ್ಲಿ ಅದು ಒಂದು ಮಟ್ಟಕ್ಕೆ ನಿಜ. ಜಲ್ಲಿ ಎದ್ದ ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ನಿಮ್ಮನ್ನೂ ಮೇಲಕ್ಕೆತ್ತುತ್ತದೆ. ನೀವು ತುಳಿದ ಶಕ್ತಿ ಆ ಕುಲುಕಾಟದಲ್ಲೇ ಸೋರಿಹೋಗುತ್ತದೆ. ಮೆತ್ತಗಿನ ಟೈರು ಕಲ್ಲನ್ನು ನುಂಗಿಕೊಂಡು ಸಾಗುತ್ತದೆ. ಗಾಳಿಯ ಒತ್ತಡವನ್ನು ಅಳೆಯುವುದು ಪಿಎಸ್‌ಐನಲ್ಲಿ. ಟೈರಿನ ಮೇಲೆ ಅಚ್ಚೊತ್ತಿರುವ ಪಿಎಸ್‌ಐ ದಾಟಬಾರದ ಗರಿಷ್ಠ ಮಿತಿ. ಅಷ್ಟು ತುಂಬಿಸಲೇಬೇಕು ಎಂಬ ಆಜ್ಞೆಯಲ್ಲ.

ನನ್ನ ವಿಧಾನಕ್ಕೆ ಬೇಕಾದ್ದು ಮಗಳ ಕಂಪಾಸ್ ಬಾಕ್ಸಿನ ಸ್ಕೇಲು, ಜೊತೆಗೆ ಇನ್ನೊಬ್ಬರು. ಸಮತಟ್ಟು ಸಿಮೆಂಟು ನೆಲದಲ್ಲಿ ಸೈಕಲ್ ನಿಲ್ಲಿಸಿ. ಹಿಂದಿನ ಚಕ್ರದಲ್ಲಿ ನೆಲದಿಂದ ರಿಮ್ಮಿನ ಕೆಳ ಅಂಚಿಗೆ ಎಷ್ಟಿದೆ ಎಂದು ಅಳೆಯಿರಿ. ಈಗ ಕಚೇರಿಯ ಬ್ಯಾಗು, ಟಿಫಿನ್ ಡಬ್ಬಿ ಸಮೇತ ಸೀಟಿನ ಮೇಲೆ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರ ಬೆರಳ ತುದಿ ಮಾತ್ರ ಗೋಡೆಗೆ ತಾಗಿಸಿ. ಭಾರವನ್ನು ಗೋಡೆಗೆ ಕೊಟ್ಟರೆ ಲೆಕ್ಕ ಕೆಡುತ್ತದೆ. ಇನ್ನೊಬ್ಬರು ಅದೇ ಜಾಗ ಮತ್ತೆ ಅಳೆಯಲಿ. ಟೈರಿನ ಎತ್ತರದ (ಅದು ಹೆಚ್ಚುಕಡಿಮೆ ಅಗಲದಷ್ಟೇ) ಶೇ 15ರಷ್ಟು ಕುಗ್ಗಿದ್ದರೆ ಗಾಳಿ ಸರಿಯಿದೆ. 40 ಮಿ.ಮೀ. ಟೈರಾದರೆ ಅದು 6 ಮಿ.ಮೀ. ಎರಡೇ ಕುಗ್ಗಿತೆ? ಗಾಳಿ ಇಳಿಸಿ. ಹತ್ತು ಕುಗ್ಗಿತೆ? ಹೊಡೆಯಿರಿ. ಮುಂದಿನ ಚಕ್ರಕ್ಕೂ ಹೀಗೆಯೇ. ಭಾರ ಹೆಚ್ಚು ಬೀಳುವುದು ಹಿಂದಕ್ಕಾದ್ದರಿಂದ ಮುಂದಿನದಕ್ಕೆ ಕಡಿಮೆ ಗಾಳಿ ಸಾಕು. ಎರಡಕ್ಕೂ ಒಂದೇ ಹೊಡೆಸುವುದರಿಂದಲೂ ಕೈ ಜುಮ್ಮೆನ್ನುತ್ತದೆ.

ಅಂದಾಜಿಗೆ ಬೇಕೆಂದರೆ: 70 ಕೆ.ಜಿ. ತೂಗುವ ನಾನು 40ರ ಟೈರಿಗೆ ಹಿಂದೆ 45, ಮುಂದೆ 38 ಪಿಎಸ್‌ಐ ಇಡುತ್ತೇನೆ. ಎಂಟಿಬಿಯ 50ರ ಟೈರಾದರೆ ಹಿಂದೆ 35, ಮುಂದೆ 30. ಅಲ್ಲಿಂದ ಎರಡೆರಡು ಇಳಿಸುತ್ತಾ ದಿನದ ದಾರಿಯಲ್ಲೇ ಓಡಿಸಿ ನೋಡಿ. ತಿರುವಿನಲ್ಲಿ ಹಿಂಬದಿ ತೇಲಿದಂತಾದರೆ, ಗುಂಡಿಯಲ್ಲಿ ರಿಮ್ಮು ‘ಟಕ್’ ಎಂದರೆ ಇಳಿಸಿದ್ದು ಅತಿಯಾಯಿತು, ನಾಲ್ಕು ಏರಿಸಿ. ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬಿದ್ದರೂ ಅದೇ ಅರ್ಥ.

ಸಾದಾ ಸೈಕಲ್ಲಿನ ವಾಲ್ವಿಗೆ ಪಂಪಿನ ಗೇಜ್ (ಒತ್ತಡ ತೋರಿಸುವ ಮೀಟರು) ನೆಚ್ಚಬೇಡಿ. ಒಳಗಿನ ಸಣ್ಣ ರಬ್ಬರನ್ನು ತಳ್ಳಿ ತೆರೆಯುವ ಒತ್ತಡವೂ ಅದರಲ್ಲಿ ಸೇರಿಕೊಳ್ಳುತ್ತದೆ. ಸ್ಕೇಲೇ ಸಾಕು. ಪೆಟ್ರೋಲ್ ಬಂಕಿನ ಗಾಳಿಯಂತೂ ಬೇಡ. ಕಾರಿಗೆಂದು ಇಟ್ಟ ಆ ಪೈಪು ಸೈಕಲ್ ಟ್ಯೂಬನ್ನು ಕ್ಷಣದಲ್ಲಿ ಸಿಡಿಸೀತು. ಗೇಜ್ ಇರುವ, ನಿಂತು ಹೊಡೆಯುವ ಪಂಪು ಮನೆಯಲ್ಲಿರಲಿ. ಬ್ಯಾಗಿಗೆ ಹಾಕುವ ಪುಟ್ಟ ಪಂಪು ದಾರಿಯಲ್ಲಿ ಕೈಕೊಟ್ಟಾಗ ಮಾತ್ರ.

ಚಳಿಯ ಲೆಕ್ಕ ಇಷ್ಟೇ: ಮಧ್ಯಾಹ್ನ 26 ಡಿಗ್ರಿಯಲ್ಲಿ ಹೊಡೆದ 45 ಪಿಎಸ್‌ಐ ಬೆಳಗಿನ ಜಾವದ 10 ಡಿಗ್ರಿಯಲ್ಲಿ 42ಕ್ಕೆ ಇಳಿದಿರುತ್ತದೆ. ತೂತು ಹುಡುಕಬೇಡಿ. ಹೊರಡುವ ಹೊತ್ತಿನ ಚಳಿಯಲ್ಲೇ ಅಳೆದು ಹೊಡೆಯಿರಿ. ಮೈಸೂರಿನಲ್ಲಿ ಗಾಳಿ ಹೊಡೆಸಿ ಬೆಟ್ಟಕ್ಕೆ ತಂದರೆ ಟೈರು ಉಬ್ಬುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಆ ಎತ್ತರಕ್ಕೆ ಏರುವುದು 1 ಪಿಎಸ್‌ಐ ಕೂಡ ಅಲ್ಲ.

ವಾರಕ್ಕೊಮ್ಮೆ ಗಾಳಿ ನೋಡಿ. ಪಂಚರ್ ಆಗದಿದ್ದರೂ ಟ್ಯೂಬು ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಆಗಲೇ ಚಕ್ರ ತಿರುಗಿಸಿ ಟೈರಿನ ಮೇಲೆ ಬೆರಳಾಡಿಸಿ. ಬೇಲಿ ಸವರಿದ ದಿನ ಹೊಕ್ಕ ಮುಳ್ಳು ಟ್ಯೂಬಿಗೆ ತಲುಪಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ, ಅಷ್ಟರೊಳಗೆ ಸಿಕ್ಕರೆ ಉಗುರಿನಲ್ಲೇ ತೆಗೆಯಬಹುದು.