ಮನೆ ಲಿಸ್ಟ್ ಮಾಡುವ ಮುಂಚೆ ಎಂಟು ವಾರ ಕ್ಯಾಲೆಂಡರ್ ನೋಡಿದೆ

ಬಾಡಿಗೆಗಿದ್ದವರು ಖಾಲಿ ಮಾಡಿದಾಗ ನಮ್ಮ ಎರಡು ಬೆಡ್‌ರೂಮಿನ ಮನೆಯನ್ನು ಏರ್‌ಬಿಎನ್‌ಬಿಯಲ್ಲಿ, ಅಂದರೆ ರಾತ್ರಿಯ ಲೆಕ್ಕದಲ್ಲಿ ಮನೆ ಬಾಡಿಗೆಗೆ ಕೊಡುವ ಆ್ಯಪಿನಲ್ಲಿ, ಹಾಕೋಣ ಅನ್ನಿಸಿತು. ಮೊದಲ ದಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬರುವ ಶನಿವಾರದ ತಾರೀಖು ಹಾಕಿ, ಸುತ್ತಮುತ್ತ ಯಾರು ಎಷ್ಟು ಕೇಳುತ್ತಿದ್ದಾರೆ ಅಂತ ನೋಡಿದೆ. 22 ಮನೆ ಸಿಕ್ಕವು. ಅವುಗಳ ದರದ ಸರಾಸರಿ ತೆಗೆದು 30ರಿಂದ ಗುಣಿಸಿದೆ. ಬಂದ ಮೊತ್ತ ಹಳೆಯ ಬಾಡಿಗೆಯ ಎರಡೂವರೆ ಪಟ್ಟು! ಆ ರಾತ್ರಿ ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ.

ತಿಂಗಳ 30 ರಾತ್ರಿಯೂ ಯಾರ ಮನೆಯೂ ತುಂಬುವುದಿಲ್ಲ ಅನ್ನುವುದು ಮರುದಿನವೇ ಹೊಳೆಯಿತು. ಆದರೆ ಆ ಲೆಕ್ಕದಲ್ಲಿ ಇನ್ನೂ ದೊಡ್ಡ ತಪ್ಪು ಒಂದಿತ್ತು. ಅದು ಗೊತ್ತಾಗಲು ಎರಡು ವಾರ ಬೇಕಾಯಿತು. ತಾರೀಖು ಹಾಕಿ ಹುಡುಕಿದರೆ ಆ ದಿನಕ್ಕೆ ಇನ್ನೂ ಖಾಲಿ ಇರುವ ಮನೆಗಳು ಮಾತ್ರ ಕಾಣುತ್ತವೆ. ಬುಕ್ ಆದವು ಪಟ್ಟಿಯಲ್ಲೇ ಇರುವುದಿಲ್ಲ. ಶನಿವಾರಕ್ಕೆ ಎರಡು ದಿನ ಇರುವಾಗ ನಾನು ನೋಡಿದ್ದು ಯಾರೂ ತೆಗೆದುಕೊಳ್ಳದೆ ಉಳಿದ ಮನೆಗಳ ದರ! ಜನ ನಿಜವಾಗಿ ಕೊಟ್ಟ ದರ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಅಲ್ಲಿಂದ ಹುಡುಕುವ ರೀತಿಯನ್ನೇ ಬದಲಾಯಿಸಿದೆ. ನಮ್ಮ ಮನೆಯನ್ನು ಹೋಲುವ 12 ಮನೆಗಳನ್ನು ಆರಿಸಿಕೊಂಡೆ. ಅಷ್ಟೇ ಬೆಡ್‌ರೂಮು, ನಡೆದು ಹೋಗುವಷ್ಟು ಹತ್ತಿರ, ಹೆಚ್ಚುಕಡಿಮೆ ಅದೇ ಅಂದಚೆಂದ. ಈಜುಕೊಳ ಇರುವ ಒಂದು ಮನೆ ತುಂಬಾ ಚೆನ್ನಾಗಿ ಓಡುತ್ತಿತ್ತು. ಅದನ್ನು ಪಟ್ಟಿಯಿಂದ ತೆಗೆದೆ. ನಮ್ಮಲ್ಲಿ ಇಲ್ಲದ್ದಕ್ಕೆ ಅಲ್ಲಿಗೆ ಬರುವ ದುಡ್ಡು ನೋಡಿ ನನಗೇನು ಉಪಯೋಗ?

ಸೋಮವಾರ, ಗುರುವಾರ ರಾತ್ರಿ ಒಂದು ಗಂಟೆ ಕೂತು, ಈ 12 ಮನೆಗಳ ಕ್ಯಾಲೆಂಡರ್‌ನಲ್ಲಿ ಮುಂದಿನ 60 ದಿನಗಳನ್ನು ನೋಡುತ್ತಿದ್ದೆ. ಯಾವ ದಿನ ಖಾಲಿ, ಯಾವುದು ಮುಚ್ಚಿದೆ, ಖಾಲಿ ಇರುವ ದಿನಕ್ಕೆ ದರ ಎಷ್ಟು ಅಂತ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟೆ. ಕಳೆದ ಸಲ ಖಾಲಿ ಇದ್ದ ದಿನ ಈ ಸಲ ಮುಚ್ಚಿದ್ದರೆ, ನಾನು ಕೊನೆಯದಾಗಿ ಬರೆದಿಟ್ಟ ದರಕ್ಕೇ ಅದು ಹೋಗಿರಬೇಕು ಅಂತ ಹಿಡಿದೆ. ಪೂರ್ತಿ ಕರಾರುವಾಕ್ಕಲ್ಲ, ಆದರೆ ತುಂಬಾ ಹತ್ತಿರದ ಅಂದಾಜು. ದರವನ್ನು ಯಾವಾಗಲೂ ಎರಡು ರಾತ್ರಿಯ ಒಟ್ಟು ಮೊತ್ತದಲ್ಲೇ ಬರೆದುಕೊಳ್ಳಿ. ಕೆಲವರು ರಾತ್ರಿಯ ದರ ಕಡಿಮೆ ಇಟ್ಟು ಕ್ಲೀನಿಂಗ್ ಚಾರ್ಜ್ ಜಾಸ್ತಿ ಹಾಕಿರುತ್ತಾರೆ. ತೀರಾ ಹೊಸ ಮನೆಗಳ ದರವನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಏರ್‌ಬಿಎನ್‌ಬಿಯಲ್ಲಿ ಹೊಸಬರು ಮೊದಲ 3 ಬುಕಿಂಗ್‌ಗೆ ಶೇ. 20 ರಿಯಾಯಿತಿ ಕೊಡಬಹುದು. ಆ ದರ ಹೆಚ್ಚು ದಿನ ನಿಲ್ಲುವುದಿಲ್ಲ.

ಮುಚ್ಚಿದ ದಿನವೆಲ್ಲ ಬುಕ್ ಆದ ದಿನ ಅಂತ ನಂಬಿ ನಾನು ಇನ್ನೊಂದು ಸಲ ಎಡವಿದೆ. ಒಂದು ಮನೆ ತಿಂಗಳಿಗೆ 26 ದಿನ ಮುಚ್ಚಿತ್ತು. ಪೇಟೆ ಇಷ್ಟು ಚೆನ್ನಾಗಿದೆಯಾ ಅಂದುಕೊಂಡೆ. ಆಮೇಲೆ ನೋಡಿದರೆ ಆರು ತಿಂಗಳಿಂದ ಆ ಮನೆಗೆ ಒಂದೇ ಒಂದು ರಿವ್ಯೂ ಬಂದಿರಲಿಲ್ಲ. ಮಾಲೀಕರು ತಮಗೇ ಬೇಕು ಅಂತ ತಡೆದಿದ್ದ ದಿನಗಳವು. ಕ್ಯಾಲೆಂಡರ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಇನ್ನೊಂದು ಮನೆ ಬುಕಿಂಗ್ ಡಾಟ್ ಕಾಮ್ ಅನ್ನುವ ಇಂಥದ್ದೇ ಇನ್ನೊಂದು ತಾಣದಲ್ಲೂ ಬೇರೆ ಹೆಸರಿನಲ್ಲಿತ್ತು. ಎರಡು ಮನೆ ಅಂತ ಎಣಿಸುತ್ತಿದ್ದೆ. ಅದೇ ಸೋಫಾ, ಅದೇ ಪರದೆ ನೋಡಿ ಗೊತ್ತಾಯಿತು.

ಅದಕ್ಕೇ ಕ್ಯಾಲೆಂಡರ್ ಜೊತೆ ರಿವ್ಯೂಗಳನ್ನೂ ಎಣಿಸಲು ಶುರು ಮಾಡಿದೆ. ಮರ್ರೆ ಕಾಕ್ಸ್ ಶುರು ಮಾಡಿದ ಇನ್‌ಸೈಡ್ ಏರ್‌ಬಿಎನ್‌ಬಿ ಅನ್ನುವ ಯೋಜನೆ ಹಲವು ನಗರಗಳ ಲಿಸ್ಟಿಂಗ್ ಮಾಹಿತಿಯನ್ನು ಉಚಿತವಾಗಿ ಕೊಡುತ್ತದೆ. ಬಂದವರಲ್ಲಿ ಅರ್ಧದಷ್ಟು ಜನ ರಿವ್ಯೂ ಬರೆಯುತ್ತಾರೆ ಅಂತ ಹಿಡಿದು ಅವರು ಅಂದಾಜು ಮಾಡುತ್ತಾರೆ. ನಾನೂ ಅದನ್ನೇ ಬಳಸಿದೆ. ತಿಂಗಳಿಗೆ 4 ರಿವ್ಯೂ ಇದ್ದರೆ ಸುಮಾರು 8 ಬುಕಿಂಗ್. ಸರಾಸರಿ ಎರಡು ರಾತ್ರಿ ಅಂದರೆ 16 ರಾತ್ರಿ. ಕ್ಯಾಲೆಂಡರ್ 17 ಅಂದರೆ ನಂಬಬಹುದು, 26 ಅಂದರೆ ಏನೋ ಬೇರೆ ಇದೆ ಅಂತ ಅರ್ಥ. ದುಡ್ಡು ಕೊಟ್ಟರೆ ಇಂಥ ಅಂಕಿ ಕೊಡುವ ಏರ್‌ಡಿಎನ್‌ಎಯಂಥ ಸೇವೆಗಳೂ ಇವೆ. ಊರಿಗೆ ಊರನ್ನು ಹೋಲಿಸಲು ಅವು ಒಳ್ಳೆಯವು. ಇರುವ ಒಂದೇ ಮನೆಗೆ ನನ್ನ 12 ಮನೆಗಳ ಪಟ್ಟಿಯೇ ಸಾಕಾಯಿತು.

ರಿವ್ಯೂ ಎಣಿಸುವಾಗ ಓದುವುದೂ ಆಗುತ್ತಲ್ವಾ? ನನಗೆ ಅತಿ ಹೆಚ್ಚು ಲಾಭ ಆದದ್ದು ಅದರಿಂದ. ನಮ್ಮ ಮನೆಗೆ ಬರುವವರು ಪ್ರವಾಸಿಗರು ಅಂತ ಅಂದುಕೊಂಡಿದ್ದೆ. ಆದರೆ 300ಕ್ಕೂ ಹೆಚ್ಚು ರಿವ್ಯೂ ಓದುತ್ತಾ ಹೋದಂತೆ ಒಂದೇ ಮಾತು ಮತ್ತೆ ಮತ್ತೆ ಬಂತು: "ಅಮ್ಮನ ಆಪರೇಷನ್‌ಗೆ ಬಂದಿದ್ವಿ", "ಆಸ್ಪತ್ರೆಗೆ ಹತ್ತಿರ". ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇರುವುದು ನನಗೆ ಗೊತ್ತಿತ್ತು, ಅದು ನಮ್ಮ ಪೇಟೆ ಅಂತ ಗೊತ್ತಿರಲಿಲ್ಲ. ಇವರು ಮಂಗಳವಾರ ಬರುತ್ತಾರೆ, ನಾಲ್ಕೈದು ರಾತ್ರಿ ಇರುತ್ತಾರೆ, ಗಂಜಿ ಬೇಯಿಸಲು ಅಡುಗೆಮನೆ ಬೇಕು, ಮೆಟ್ಟಿಲು ಬೇಡ. ಅವರ ದೂರುಗಳನ್ನೂ ಬರೆದಿಟ್ಟೆ. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಪಾತ್ರೆ ಸಾಲದು, ಬಿಸಿನೀರು ಬೇಗ ಮುಗಿಯುತ್ತದೆ, ಹಾಸಿಗೆ ತೀರಾ ತಗ್ಗು. ನಮ್ಮದು ನೆಲಮಹಡಿ. 12ರಲ್ಲಿ ನೆಲಮಹಡಿಯವು ಎರಡೇ. ಗೋಡೆಗೆ ದೊಡ್ಡ ಚಿತ್ರ, ಬಣ್ಣಬಣ್ಣದ ದೀಪ ಅಂತ ತೆಗೆದಿಟ್ಟಿದ್ದ ದುಡ್ಡನ್ನು ಗೀಸರಿಗೆ, ಬಾತ್‌ರೂಮಿನ ಹಿಡಿಕೆಗೆ, ಎತ್ತರದ ಮಂಚಕ್ಕೆ ತಿರುಗಿಸಿದೆ.

ಇನ್ನು ಲೆಕ್ಕ. ಈ ವ್ಯವಹಾರದಲ್ಲಿ ತುಂಬಿದ ರಾತ್ರಿಗಳ ಪಾಲನ್ನು ಆಕ್ಯುಪೆನ್ಸಿ ಅನ್ನುತ್ತಾರೆ. 30ರಲ್ಲಿ 12 ತುಂಬಿದರೆ ಶೇ. 40. ಉದಾಹರಣೆಗೆ ರಾತ್ರಿಗೆ 100ರಂತೆ 12 ರಾತ್ರಿ ಹೋದರೆ 1,200. ದರ 75ಕ್ಕೆ ಇಳಿಸಿ 20 ರಾತ್ರಿ ತುಂಬಿದರೆ 1,500. ದರ ಇಳಿಸುವುದೇ ಸರಿ ಅನ್ನಿಸುತ್ತದೆ. ಆದರೆ ಒಬ್ಬರು ಹೋಗಿ ಇನ್ನೊಬ್ಬರು ಬರುವಾಗಲೆಲ್ಲ ಗುಡಿಸಿ ಒರೆಸುವುದು, ಬೆಡ್‌ಶೀಟ್ ಒಗೆಸುವುದು, ಸೋಪು, ಇವೆಲ್ಲ ಸೇರಿ 40 ಖರ್ಚು ಅಂತಿಟ್ಟುಕೊಳ್ಳಿ. ಎಲ್ಲರೂ ಒಂದೇ ರಾತ್ರಿ ಉಳಿಯುವವರಾದರೆ ಮೊದಲನೆಯದರಲ್ಲಿ 720 ಉಳಿಯುತ್ತದೆ, ಎರಡನೆಯದರಲ್ಲಿ 700. ಎಂಟು ರಾತ್ರಿ ಜಾಸ್ತಿ ದುಡಿದು 20 ಕಮ್ಮಿ! ಎರಡೆರಡು ರಾತ್ರಿ ಉಳಿದರೆ 960 ಮತ್ತು 1,100. ಹಾಗಾಗಿ ದರಕ್ಕಿಂತ ಮೊದಲು ಬರುವವರು ಎಷ್ಟು ರಾತ್ರಿ ಉಳಿಯುತ್ತಾರೆ ಅಂತ ತಿಳಿದುಕೊಳ್ಳಬೇಕು. ಕನಿಷ್ಠ ಎರಡು ರಾತ್ರಿ ಅನ್ನುವ ನಿಯಮ ನಾನು ಇಟ್ಟದ್ದು ಈ ಲೆಕ್ಕ ನೋಡಿಯೇ.

ಇದರಲ್ಲಿ ಆ್ಯಪಿನ ಕಮಿಷನ್, ಕರೆಂಟು, ನೀರು, ಇಂಟರ್ನೆಟ್, ತೆರಿಗೆ ಕಳೆಯಬೇಕು. ಉಳಿದದ್ದನ್ನು ಹಳೆಯ ತಿಂಗಳ ಬಾಡಿಗೆಯ ಪಕ್ಕದಲ್ಲಿಟ್ಟು ನೋಡಬೇಕು. ಆ ಬಾಡಿಗೆ ಕೈಕಾಲು ಆಡಿಸದೆ ಬರುವ ದುಡ್ಡು ಅನ್ನುವುದನ್ನು ಮರೆಯಬಾರದು. ನನ್ನ ಲೆಕ್ಕದಲ್ಲಿ 14 ರಾತ್ರಿ ತುಂಬಿದರೆ ಎರಡೂ ಸಮ. ಪಟ್ಟಿಯ ಮನೆಗಳಲ್ಲಿ ನಡುಮಟ್ಟದವು 16ರಿಂದ 18 ರಾತ್ರಿ ತುಂಬುತ್ತಿದ್ದವು. ಅತ್ಯುತ್ತಮ ಮನೆ 23 ಮುಟ್ಟುತ್ತಿತ್ತು, ಆದರೆ ಹೊಸಬನಾದ ನಾನು ಅದನ್ನು ನನ್ನ ಗುರಿ ಅಂತ ಇಟ್ಟುಕೊಳ್ಳಲಿಲ್ಲ. ಎಂಟು ವಾರದಲ್ಲಿ ಒಂದು ಸೀಸನ್ ಮಾತ್ರ ಕಾಣುತ್ತದೆ ಅನ್ನುವುದೂ ತಲೆಯಲ್ಲಿತ್ತು. ಉಳಿದ ತಿಂಗಳಿಗೆ ಪ್ರತಿ ಮನೆಯ ಹಿಂದಿನ ವರ್ಷದ ರಿವ್ಯೂಗಳನ್ನು ತಿಂಗಳುವಾರು ಎಣಿಸಿದೆ. ಎರಡು ತಿಂಗಳು ಎಲ್ಲರಿಗೂ ಅರ್ಧಕ್ಕರ್ಧ ಇಳಿದಿತ್ತು. ಆ ಎರಡು ತಿಂಗಳ ಖರ್ಚಿಗೆ ದುಡ್ಡು ಎತ್ತಿಟ್ಟೇ ಶುರು ಮಾಡಿದೆ.

ಇದಕ್ಕೆಲ್ಲ ಮುಂಚೆ ನೋಡಬೇಕಾದ್ದು ಕಾನೂನು. ನಾನು ಅದನ್ನು ಕೊನೆಗೆ ನೋಡಿದೆ, ಹಾಗೆ ಮಾಡಬಾರದಿತ್ತು. ಲಂಡನ್‌ನಲ್ಲಿ ವಿಶೇಷ ಅನುಮತಿ ಇಲ್ಲದೆ ಪೂರ್ತಿ ಮನೆಯನ್ನು ವರ್ಷಕ್ಕೆ 90 ರಾತ್ರಿ ಮಾತ್ರ ಹೀಗೆ ಕೊಡಬಹುದು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರ್‌ನಿಂದ ನೋಂದಣಿ ನಿಯಮವನ್ನು ಬಿಗಿಯಾಗಿ ಜಾರಿ ಮಾಡಿತು. ಅಲ್ಲಿ 30 ದಿನಕ್ಕಿಂತ ಕಡಿಮೆಗೆ ಕೊಟ್ಟರೆ ಮನೆಯವರೂ ಅಲ್ಲೇ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ವರ್ಷಕ್ಕೆ 90 ರಾತ್ರಿ ಅನ್ನುವ ಊರಿನಲ್ಲಿ ತಿಂಗಳಿಗೆ 16 ರಾತ್ರಿ ಅಂತ ಲೆಕ್ಕ ಹಾಕಿ ಏನು ಪ್ರಯೋಜನ? ನಿಮ್ಮ ಊರಿನ ನಿಯಮ, ಅಪಾರ್ಟ್‌ಮೆಂಟ್ ಆದರೆ ಸಂಘದ ಬೈಲಾ, ಸಾಲ ಇದ್ದರೆ ಅದರ ಷರತ್ತು, ವಿಮೆ, ಇವನ್ನು ಮೊದಲ ದಿನವೇ ಓದಿ. ನಾನು ಪಕ್ಕದ ಮನೆಯವರನ್ನೂ ಮಾತಾಡಿಸಿದೆ. ರಾತ್ರಿ ಗಲಾಟೆ ಆಗಬಾರದು, ಗೇಟಿನ ಮುಂದೆ ಕಾರು ನಿಲ್ಲಿಸಬಾರದು ಅಂದರು. ಎರಡನ್ನೂ ಮನೆಯ ನಿಯಮಗಳಲ್ಲಿ ಹಾಗೇ ಹಾಕಿದೆ.

ಲಿಸ್ಟ್ ಮಾಡುವ ಹಿಂದಿನ ವಾರ, ಪಟ್ಟಿಯ ನೆಲಮಹಡಿ ಮನೆಯೊಂದರಲ್ಲಿ ದುಡ್ಡು ಕೊಟ್ಟು ಎರಡು ರಾತ್ರಿ ಇದ್ದು ಬಂದೆ. ಕೀ ಹೇಗೆ ಕೊಡುತ್ತಾರೆ, ಟವೆಲ್ ಎಷ್ಟಿಟ್ಟಿದ್ದಾರೆ, ನೀರು ನಿಂತಾಗ ಫೋನ್ ಎತ್ತುತ್ತಾರಾ ಅಂತ ನೋಡಿದೆ. ಎತ್ತಿದರು, ಹತ್ತು ನಿಮಿಷದಲ್ಲಿ ಮೋಟಾರ್ ಹಾಕಿಸಿದರು. ಅವರ ರಿವ್ಯೂಗಳಲ್ಲಿ ಎಲ್ಲರೂ ಯಾಕೆ ಅವರ ಹೆಸರು ಹಿಡಿದು ಹೊಗಳಿದ್ದಾರೆ ಅಂತ ಆಗ ಅರ್ಥವಾಯಿತು.

ನಮ್ಮ ಮನೆಗೆ ಮೊದಲ ತಿಂಗಳು 11 ರಾತ್ರಿ ತುಂಬಿತು, ಎರಡನೇ ತಿಂಗಳು 15, ಮೂರನೆಯದು 17. ಗುರುವಾರದ ಸರದಿ ಬಿಟ್ಟಿದ್ದೇನೆ. ಸೋಮವಾರ ರಾತ್ರಿ ಮಾತ್ರ ಈಗಲೂ ಆ 12 ಮನೆಗಳ ಕ್ಯಾಲೆಂಡರ್ ತೆರೆಯುತ್ತೇನೆ. ಹೋದ ತಿಂಗಳು ಅವುಗಳ ಪಕ್ಕದಲ್ಲಿ ಮೂರು ಹೊಸ ಮನೆಗಳು ಬಂದಿವೆ, ಅದರಲ್ಲಿ ಒಂದು ನೆಲಮಹಡಿ. ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ.