ನೊಟೇಶನ್ ಓದೋಕೆ ಐದು ಸಿ, ಒಂದು ತಕದಿಮಿ

ಪಾಶ್ಚಾತ್ಯ ಸಂಗೀತದ ನೊಟೇಶನ್ನಿನಲ್ಲಿ ಸ್ವರಗಳನ್ನು, ಅಂದರೆ ನೋಟ್‌ಗಳನ್ನು, ಐದು ಗೆರೆಗಳ ಮೇಲೂ ಸಂದುಗಳಲ್ಲೂ ಬರೆಯುತ್ತಾರೆ. ಗೆರೆಗಳ ಹೆಸರು ನೆನಪಿಡುವ ಸೂತ್ರವಾಕ್ಯ ಉರು ಹೊಡೆದು ಗೆರೆ ಎಣಿಸುವವರು ಪ್ರತಿ ಸಲವೂ ಕೆಳಗಿನ ಗೆರೆಯಿಂದ ಹತ್ತಿಕೊಂಡು ಬರಬೇಕು. ಅಷ್ಟರಲ್ಲಿ ಬೀಟ್ ದಾಟಿರುತ್ತದೆ. ನೋಟ್ ಕೆಳಗೆ ಹೆಸರು ಬರೆದುಕೊಳ್ಳುವುದು ಇನ್ನೂ ಕೆಟ್ಟದ್ದು: ಕಣ್ಣು ಅಕ್ಷರ ಓದುತ್ತದೆ, ನೋಟನ್ನು ನೋಡುವುದೇ ಇಲ್ಲ. ಫ್ಲಾಶ್ ಕಾರ್ಡು, ಆ್ಯಪು ಅಂತ ಸುರಿದ ದುಡ್ಡೂ ದಂಡ. ಒಂಟಿ ನೋಟ್ ಥಟ್ಟನೆ ಹೇಳುವವರು ಅದೇ ನೋಟು ಸಾಲಿನಲ್ಲಿ ಬಂದರೆ ತಡವರಿಸುತ್ತಾರೆ. ಒಂದು ಪೆನ್ಸಿಲ್, ಟಿಕ್ ಟಿಕ್ ಅಂತ ಬೀಟ್ ಕೊಡುವ ಒಂದು ಮೆಟ್ರೊನೋಮ್ ಸಾಕು.

ಸಿ ಎಂಬ ನೋಟ್ ಬರುವ ಐದು ಜಾಗಗಳನ್ನು ಮೊದಲು ಗಟ್ಟಿ ಮಾಡಿದೆ. ಮಿಡಲ್ ಸಿ, ಮೇಲಿನ ಟ್ರೆಬಲ್, ಕೆಳಗಿನ ಬೇಸ್ ಎಂಬ ಎರಡೂ ಸ್ಟಾಫ್ (ಐದು ಗೆರೆಗಳ ಗುಂಪು) ನಡುವಿನ ಒಂಟಿ ಲೆಡ್ಜರ್ ಗೆರೆಯಲ್ಲಿ (ಸ್ಟಾಫ್ ಮೀರಿದ ನೋಟಿಗೆ ಎಳೆಯುವ ಗಿಡ್ಡ ಗೆರೆ). ಟ್ರೆಬಲ್‌ನಲ್ಲಿ ಕೆಳಗಿನಿಂದ ಮೂರನೇ ಸಂದು, ಬೇಸ್‌ನಲ್ಲಿ ಮೇಲಿನಿಂದ ಮೂರನೇ ಸಂದು. ಟ್ರೆಬಲ್ ಮೇಲೆ ಎರಡನೇ ಲೆಡ್ಜರ್, ಬೇಸ್ ಕೆಳಗೆ ಎರಡನೇ ಲೆಡ್ಜರ್. ಕನ್ನಡಿ ಹಿಡಿದಂತೆ ಮೇಲೂ ಕೆಳಗೂ ಒಂದೇ ಅಳತೆ. ಜೊತೆಗೆ ಟ್ರೆಬಲ್ ಕ್ಲೆಫಿನ (ಸ್ಟಾಫಿನ ಆರಂಭದ ಗುರುತು) ಸುರುಳಿ ಸುತ್ತುವ ಗೆರೆ ಜಿ, ಬೇಸ್ ಕ್ಲೆಫಿನ ಎರಡು ಚುಕ್ಕೆ ನಡುವಿನ ಗೆರೆ ಎಫ್. ಉಳಿದದ್ದೆಲ್ಲ ಒಂದು ನೋಟಿನಿಂದ ಇನ್ನೊಂದಕ್ಕೆ ಇರುವ ದೂರದ ಲೆಕ್ಕ: ಗೆರೆಯಿಂದ ಪಕ್ಕದ ಸಂದಿಗೆ ಸೆಕೆಂಡ್, ಗೆರೆಯಿಂದ ಪಕ್ಕದ ಗೆರೆಗೆ ಥರ್ಡ್, ನಡುವೆ ಒಂದು ಗೆರೆ ಬಿಟ್ಟರೆ ಫಿಫ್ತ್. ಹೆಸರು ಬೇಕಾಗುವುದು ಸಾಲಿನ ಮೊದಲ ನೋಟಿಗೆ ಮಾತ್ರ. ಆಮೇಲೆ ಆಕಾರ ನೋಡಿ ಹೋಗಬಹುದು. ಬೇಸ್ ಓದುವಾಗ ಟ್ರೆಬಲ್ ಹೆಸರಿಗೆ ಎರಡಕ್ಷರ ಕೂಡಿಸುವವರಿದ್ದಾರೆ. ಉತ್ತರ ಸರಿಯೇ ಬರುತ್ತದೆ, ಆದರೆ ಎರಡು ಕೈ ಸೇರಿದ ಕೂಡಲೇ ಕುಸಿಯುತ್ತದೆ.

ಈ ಅಭ್ಯಾಸದಲ್ಲಿ ತಾಳ ಬೇಡ. ತಾಳದ ಅಭ್ಯಾಸವನ್ನು ಒಂದೇ ಸ್ವರದಲ್ಲಿ ಬೇರೆಯಾಗಿ ಮಾಡಬೇಕು. ಇಲ್ಲೇ ನಾನು ಕರ್ನಾಟಕ ಸಂಗೀತದ ತಕದಿಮಿ ತಂದದ್ದು. ಬೆರಕೆ ಅಂತ ಮೂಗು ಮುರಿದವರು ಬಹಳ, ಈಗ ಅವರಲ್ಲೂ ಕೆಲವರು ಇದನ್ನೇ ಹೇಳಿಕೊಡುತ್ತಿದ್ದಾರೆ. 4/4ರ ಒಂದು ಬಾರ್‌ಗೆ (ನಾಲ್ಕು ಬೀಟಿನ ಒಂದು ಸುತ್ತು) ಎಂಟು ಎಯ್ತ್ ನೋಟು (ಅರ್ಧ ಬೀಟಿನ ನೋಟು). ತಕದಿಮಿ ತಕಜಣು ಎಂಟು ಅಕ್ಷರ. ಹೋಲ್ ನೋಟಿಗೆ ಎಂಟೂ, ಹಾಫ್‌ಗೆ ನಾಲ್ಕು, ಕ್ವಾರ್ಟರ್‌ಗೆ ಎರಡು, ಎಯ್ತ್‌ಗೆ ಒಂದು. ಎಲ್ಲರೂ ಎಡವುವ ಜಾಗ ಚುಕ್ಕೆಯ ಕ್ವಾರ್ಟರ್ (ಚುಕ್ಕೆ ಅಂದರೆ ಅರ್ಧದಷ್ಟು ಹೆಚ್ಚು) ಮತ್ತು ಎಯ್ತ್ ಜೋಡಿ. ತ-ಕ-ದಿ ಪೂರ್ತಿ ಹಿಡಿದು, ಮಿ ಮೇಲೆ ಎಯ್ತ್ ನುಡಿಸಿ. ಸಾಮಾನ್ಯವಾಗಿ ದಿ ಮೇಲೇ ಕೈ ಬೀಳುತ್ತದೆ, ಏಕೆಂದರೆ ಎರಡನೇ ಬೀಟಿನ ಟಿಕ್ ಅಲ್ಲೇ ಕೇಳಿಸುವುದು. ಚುಕ್ಕೆಯ ಎಯ್ತ್, ಸಿಕ್ಸ್ಟೀನ್ತ್ (ಕಾಲು ಬೀಟು) ಜೋಡಿಗೂ ಇದೇ ಅಚ್ಚು. ಬೀಟೊಂದಕ್ಕೆ ಇಡೀ ತಕದಿಮಿ. ಟೈ (ಎರಡು ನೋಟು ಬೆಸೆಯುವ ಕಮಾನು) ಬಂದರೆ ಅಕ್ಷರ ನಡೆಯಲಿ, ಕೈ ಎತ್ತಬೇಡಿ. ರೆಸ್ಟ್ (ಮೌನದ ಗುರುತು) ಬಂದರೆ ಕೈ ಎತ್ತಿ, ಅಕ್ಷರ ಪಿಸುಗುಟ್ಟಿ. ಸುಮ್ಮನಾದರೆ ರೆಸ್ಟ್ ಖಂಡಿತ ಗಿಡ್ಡವಾಗುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. 3/4, 6/8 ಎರಡರಲ್ಲೂ ಬಾರ್‌ಗೆ ಆರು ಎಯ್ತ್. ಒಂದೇ ಆರು ನೋಟನ್ನು ತಕ ತಕ ತಕ ಅಂತ ಒಮ್ಮೆ, ತಕಿಟ ತಕಿಟ ಅಂತ ಒಮ್ಮೆ ನುಡಿಸಿ. ವಿವರಣೆಯೇ ಬೇಡ, ಕಿವಿಗೆ ಗೊತ್ತಾಗುತ್ತದೆ.

ಮೆಟ್ರೊನೋಮ್ ನಿಮಿಷಕ್ಕೆ 60 ಕ್ವಾರ್ಟರ್‌ನ ಸುಮಾರು ಇಡಿ. ದಿನಕ್ಕೆ ನೋಟ್ ಗುರುತಿಸುವುದಕ್ಕೆ ಹತ್ತು ನಿಮಿಷ, ತಾಳಕ್ಕೆ ಹತ್ತು. ಮೂರು ನಾಲ್ಕು ವಾರವಾದ ಮೇಲೇ ಎರಡನ್ನೂ ಸೇರಿಸಿ, ಸೇರಿಸುವಾಗ ವೇಗ 45ರ ಆಸುಪಾಸಿಗೆ ಇಳಿಸಿ. ತಪ್ಪಿದರೆ ನಿಲ್ಲಬೇಡಿ, ಅಕ್ಷರ ಹೇಳುತ್ತಾ ಮುಂದಿನ ಬಾರ್‌ನ ಮೊದಲ ತ ಮೇಲೆ ಮತ್ತೆ ಸೇರಿಕೊಳ್ಳಿ.